ಹನ್ನೊಂದು ತಿಂಗಳ ಕರಾರು, ಹದಿನಾಲ್ಕು ವರ್ಷದ ಕರಿಬೇವು

ಬಾಡಿಗೆ ಮನೆಯ ಕರಾರುಪತ್ರ 11 ತಿಂಗಳಿಗೇ ಯಾಕೆ ಅಂತ ನನಗೆ ಗೊತ್ತಾಗಿದ್ದು ಎಂಟನೆಯದೋ ಒಂಬತ್ತನೆಯದೋ ಪತ್ರಕ್ಕೆ ಸಹಿ ಹಾಕುವಾಗ. ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆ ಪ್ರಕಾರ ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತಿ ನೋಂದಾಯಿಸಬೇಕಂತೆ. ಆ ರಗಳೆಯೇ ಬೇಡ ಅಂತ ಎಲ್ಲರೂ ಹನ್ನೊಂದಕ್ಕೆ ನಿಲ್ಲಿಸುತ್ತಾರೆ. ಮೈಸೂರಿನ ಕುವೆಂಪುನಗರದ ಆ ಮನೆಯಲ್ಲಿ ನಾವು ಹಾಗೆ ಹನ್ನೊಂದು ಹನ್ನೊಂದು ಅಂತಲೇ 15 ಪತ್ರ ಮುಗಿಸಿದೆವು. ಪ್ರತಿ ಪತ್ರದಲ್ಲೂ ಫ್ಯಾನು 4, ಟ್ಯೂಬ್‌ಲೈಟು 6, ಗೀಸರು 1 ಅಂತ ಪಟ್ಟಿ. ಕೊನೆಯಲ್ಲಿ, ಗೋಡೆಗೆ ಮೊಳೆ ಹೊಡೆಯಕೂಡದು ಅಂತ ಷರತ್ತು. ಗಿಡ ನೆಡಕೂಡದು ಅಂತ ಎಲ್ಲೂ ಇರಲಿಲ್ಲ. ನಾನು ಷರತ್ತಿಗೆ ತಪ್ಪಿದವಳಲ್ಲ. ಒಂದು ಮೊಳೆಯನ್ನೂ ಹೊಡೆಯಲಿಲ್ಲ.

ಕರಿಬೇವು ಬಂದದ್ದು 2010ರಲ್ಲಿ, ನಮ್ಮತ್ತೆಯ ಜೊತೆ, ಹಾಲಿನ ಕವರಿನಲ್ಲಿ, ಗೇಣುದ್ದದ ಸಸಿಯಾಗಿ. ಅತ್ತೆ ನಾಲ್ಕು ದಿನ ಇದ್ದು ಹೊರಟರು. ಕರಿಬೇವು ಕಾಂಪೌಂಡಿನ ಮೂಲೆ ಹಿಡಿದು ಕೂತಿತು. ಮೊದಲ ಮಳೆಗಾಲದಲ್ಲಿ ಎಲೆಯ ಮೇಲೆಲ್ಲಾ ಹಕ್ಕಿ ಹಿಕ್ಕೆ ಹಾಕಿದ ಹಾಗೆ ಕಪ್ಪು ಬಿಳುಪು ಗುರುತು ಕಾಣಿಸಿತು. ಸಾರಿಗೆ ಹಾಕುವ ಸೊಪ್ಪಲ್ಲವೇ, ಒರೆಸೋಣ ಅಂತ ಒದ್ದೆ ಬಟ್ಟೆ ಹಿಡಿದು ಹೋದೆ. ಬಟ್ಟೆ ತಾಗುತ್ತಲೇ ಹಿಕ್ಕೆ ನಡೆಯತೊಡಗಿತು. ಚಿಟ್ಟೆಯ ಮರಿಹುಳ ಅದು. ಹಕ್ಕಿಗಳ ಕಣ್ಣು ತಪ್ಪಿಸೋಕೆ ಎಳವೆಯಲ್ಲಿ ಹಾಗೆ ವೇಷ ಹಾಕಿಕೊಂಡಿರುತ್ತದೆಯಂತೆ. ಹಕ್ಕಿಗಳ ಮಾತು ಹೇಗೋ, ನಾನಂತೂ ಕಿರುಚಿದ್ದು ಹಿಂದಿನ ರಸ್ತೆಗೆ ಕೇಳಿಸಿತು.

ಆಮೇಲೆ ನಿಂಬೆ, ದಾಸವಾಳ, ದೊಡ್ಡಪತ್ರೆ, ಮಲ್ಲಿಗೆ. ಮೈಸೂರು ಮಲ್ಲಿಗೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ನಮ್ಮ ಮಲ್ಲಿಗೆಗೆ ಈ ಸುದ್ದಿಯನ್ನು ಯಾರೂ ಮುಟ್ಟಿಸಿರಲಿಲ್ಲ ಅಂತ ಕಾಣುತ್ತೆ, ಎರಡು ವರ್ಷಕ್ಕೆ ಬಿಟ್ಟಿದ್ದು ಏಳು ಹೂವು. ಹೂ ಮಾರುವಾಕೆ ಗೇಟಿನಾಚೆಯಿಂದಲೇ ನೋಡಿ, "ಅದನ್ನ ಮುದ್ದು ಮಾಡ್ತೀರ ಕಣಕ್ಕಾ, ಅದಕ್ಕೇ. ಕಾರ್ತೀಕ ಕಳೀತಿದ್ದಂಗೆ ಬೋಳಿಸಿ ಬಿಸಾಕಿ" ಅಂದಳು. ಡಿಸೆಂಬರಿನ ಒಂದು ಬೆಳಿಗ್ಗೆ ಕತ್ತರಿ ಹಿಡಿದು ಮಂಡಿಯೆತ್ತರಕ್ಕೆ ಸವರಿಬಿಟ್ಟೆ. ನಮ್ಮವರು ಹಲ್ಲುಜ್ಜುತ್ತಾ ಬಾಗಿಲಿಗೆ ಬಂದವರು ಅದನ್ನು ನೋಡಿ, ಒಂದು ಮಾತೂ ಆಡದೆ ಒಳಗೆ ಹೋಗಿ, ಅವತ್ತು ತಾವೇ ಕಾಫಿ ಮಾಡಿದರು. ಮಾರ್ಚಿಗೆ ದಿನಕ್ಕೊಂದು ಮೊಳ ಹೂವು!

ಹೂವಿದ್ದಲ್ಲಿ ಕಳ್ಳರು. ನಮ್ಮ ಕಳ್ಳರು ನಿವೃತ್ತರು, ಗೌರವಸ್ಥರು. ಮಂಕಿ ಕ್ಯಾಪು, ಬಿಳಿ ಬೂಟು, ಜೇಬಿನಲ್ಲಿ ಮಡಿಸಿದ ಕವರು. ಬೆಳಗಿನ ಐದೂಮುಕ್ಕಾಲಕ್ಕೆ ಕೊಡೆಯ ಹಿಡಿಯನ್ನು ಕಾಂಪೌಂಡಿನೊಳಗೆ ಇಳಿಬಿಟ್ಟು ಕೊಂಬೆ ಬಗ್ಗಿಸುತ್ತಿದ್ದರು. ಬೇಸಿಗೆಯಲ್ಲೂ ಆ ಮನುಷ್ಯ ಕೊಡೆ ಹಿಡಿದೇ ವಾಕಿಂಗ್ ಹೋಗುತ್ತಾರೆ ಅಂದಾಗಲೇ ನನಗೆ ಅರ್ಥವಾಗಬೇಕಿತ್ತು. ಕಿಟಕಿಯಿಂದ ನೋಡಿದ್ದೇನೆ, ಕೆಮ್ಮಿದ್ದೇನೆ. ಅವರೂ ಮರ್ಯಾದೆಗೆ ಒಮ್ಮೆ ಕೆಮ್ಮಿ ಮುಂದಿನ ಕೊಂಬೆಗೆ ಹೋಗುತ್ತಿದ್ದರು. ಆಷಾಢ ಶುಕ್ರವಾರ ಬಂತೆಂದರೆ ಊರೆಲ್ಲಾ ಚಾಮುಂಡಿ ಬೆಟ್ಟಕ್ಕೆ ಹೊರಡುತ್ತದಲ್ಲ, ಅವತ್ತು ಅವರ ಜೇಬಿನಲ್ಲಿ ಎರಡು ಕವರು. ದಿನಾ ಕದಿಯುವವರ ಮೇಲೆ ಕೋಪ ಬಹಳ ವರ್ಷ ಉಳಿಯುವುದಿಲ್ಲ. ಒಂದು ದಿನ ಬರದಿದ್ದರೆ, "ವಾಕಿಂಗ್ ಸರ್‌ಗೆ ಹುಷಾರಿಲ್ವೋ ಏನೋ ರೀ" ಅನ್ನುವ ಮಟ್ಟಕ್ಕೆ ನಾನು ಬಂದಿದ್ದೆ.

2024ರ ಜೂನಿನಲ್ಲಿ ಓನರು ಫೋನು ಮಾಡಿ, ಮನೆ ಮಾರುತ್ತಿದ್ದೇವೆ, ನೀವು ಬೇರೆ ನೋಡಿಕೊಳ್ಳಿ ಅಂದರು. ಮಗಳು ಬೆಂಗಳೂರಿನಲ್ಲಿ ತನ್ನ ಮನೆಗೆ ಹತ್ತಿರವೇ ಮೂರನೇ ಮಹಡಿಯಲ್ಲಿ ಒಂದು ಫ್ಲ್ಯಾಟ್ ಹುಡುಕಿ ಅಡ್ವಾನ್ಸೂ ಕೊಟ್ಟಳು. ಆಷಾಢದಲ್ಲಿ ಮನೆ ಬದಲಾಯಿಸುವ ಹಾಗಿಲ್ಲ, ಆದ್ದರಿಂದ ಶ್ರಾವಣಕ್ಕೆ ಅಂತಾಯಿತು. ಆಷಾಢವನ್ನು ಶೂನ್ಯಮಾಸ ಅನ್ನುತ್ತಾರೆ. ನನಗೆ ಅದು ವಾಯಿದೆ.

"ಅಮ್ಮಾ, ಬಾಲ್ಕನಿ 9 ಅಡಿಗೆ 4 ಅಡಿ, ನೋಡ್ಕೊಂಡು ತಗೊಂಬಾ" ಅಂದಳು ಮಗಳು. ನಾನು ಅಂಗಳದಲ್ಲಿ ಟೇಪು ಹಿಡಿದು ಅಳೆದು ರಂಗೋಲಿ ಪುಡಿಯಲ್ಲಿ ಬಾಲ್ಕನಿ ಬರೆದೆ. ಬಾಗಿಲಿನ ಜಾಗ ಬಿಟ್ಟೆ. ಒಂದೊಂದೇ ಕುಂಡ ತಂದಿಟ್ಟೆ: ತುಳಸಿ, ಮಲ್ಲಿಗೆಯ ಮರಿ, ಮೂರು ಬಣ್ಣದ ದಾಸವಾಳ. 14ನೆಯ ಕುಂಡಕ್ಕೆ ರಂಗೋಲಿ ಭರ್ತಿಯಾಯಿತು. ಹಿಂದೆ ಇನ್ನೂ 40 ಕುಂಡ ಸಾಲಾಗಿ ನಿಂತಿದ್ದವು, ರೇಷನ್ ಅಂಗಡಿ ಮುಂದಿನ ಹಾಗೆ. ನಮ್ಮವರು ಬಂದು ಗೆರೆಯೊಳಗೆ ಕಾಲಿಡಲು ನೋಡಿದರು. ಜಾಗವಿರಲಿಲ್ಲ.

"ವಾಷಿಂಗ್ ಮೆಷೀನ್ ಎಲ್ಲಿಡ್ತೀಯ?"

ಎರಡು ದಾಸವಾಳ ಹೊರಗೆ ಬಂದವು.

"ಬಟ್ಟೆ ಒಣಗಿಸೋ ಸ್ಟ್ಯಾಂಡು?"

ಅಷ್ಟರಲ್ಲಿ ಮಳೆ ಬಂದು ಬಾಲ್ಕನಿ ತೊಳೆದುಹೋಯಿತು.

ಸಾಮಾನು ಸಾಗಿಸುವವನು ಲೆಕ್ಕಕ್ಕೆ ಬಂದಾಗ ಬೀರು, ಮಂಚ, ಫ್ರಿಜ್ಜು ನೋಡಿ ತಲೆಯಾಡಿಸಿದ. ಅಂಗಳಕ್ಕೆ ಬಂದು ನಿಂತುಬಿಟ್ಟ. 12 ಇಂಚಿನ ಮಣ್ಣಿನ ಕುಂಡ ನೀರು ಕುಡಿದು ಕೂತರೆ ಹತ್ತಿರ ಹತ್ತಿರ 25 ಕೆಜಿ. ಅಂಥವು ನಲವತ್ತು ಅಂದರೆ ಒಂದು ಟನ್ನು. "ಮೇಡಂ, ಇದು ಮನೆ ಶಿಫ್ಟಿಂಗಾ, ಮಣ್ಣು ಶಿಫ್ಟಿಂಗಾ? ಮಣ್ಣಾದ್ರೆ ಟಿಪ್ಪರ್ ಕರ್ಸಿ" ಅಂದ. ಅವನ ಮಾತು ನನಗೆ ಹಿಡಿಸಲಿಲ್ಲ, ಆದರೆ ಲೆಕ್ಕ ಸರಿಯಾಗಿತ್ತು.

ಕುಂಡದಲ್ಲಿರುವುದು ಹೇಗೋ ಆಯಿತು, ನೆಲದಲ್ಲಿರುವುದಕ್ಕೇನು ಮಾಡೋಣ? ನಿಂಬೆ ಮರವನ್ನು ಕಿತ್ತು ಒಯ್ಯಲಾಗದು. ಹಾಗಾಗಿ ಗೂಟಿ ಕಟ್ಟಿದೆ. ಪೆನ್ಸಿಲ್ ಗಾತ್ರದ ರೆಂಬೆಯಲ್ಲಿ ಒಂದಿಂಚು ಸಿಪ್ಪೆ ಉಂಗುರದ ಹಾಗೆ ತೆಗೆದು, ಒದ್ದೆ ತೆಂಗಿನ ನಾರಿನ ಪುಡಿ ಮೆತ್ತಿ, ಪ್ಲಾಸ್ಟಿಕ್ ಸುತ್ತಿ, ಎರಡೂ ಕಡೆ ಬಿಗಿದು ಕಟ್ಟಿದರೆ ಮಳೆಗಾಲದಲ್ಲಿ ಒಂದೂವರೆ ಎರಡು ತಿಂಗಳಿಗೆ ಅಲ್ಲೇ ಬೇರು ಬರುತ್ತದೆ. ಬೇರಿಗೆ ಬೆಳಕು ತಾಗಬಾರದು ಅಂತ ಮೇಲೊಂದು ಬಟ್ಟೆ ಸುತ್ತಬೇಕು. ಅರಿಶಿನ ಕುಂಕುಮಕ್ಕೆ ಹೋದಲ್ಲೆಲ್ಲಾ ಕೊಟ್ಟ ರವಿಕೆ ಕಣಗಳು ಬೀರುವಿನಲ್ಲಿ ರಾಶಿ ಬಿದ್ದಿದ್ದವು, ಎಲ್ಲಾ ಕಡುಗೆಂಪು. ಏಳು ರೆಂಬೆಗೆ ಏಳು ಗಂಟು. ಜೊತೆಗೆ ಇನ್ನೊಂದು ಕೆಲಸ ಮಾಡಿದೆ: ಹೊಸ ಊರಿಗೆ ಹೋಗುವ ಮೊದಲು ಗಿಡಗಳಿಗೆ ಬಲ ಬರಲಿ ಅಂತ ಕಡಲೆಕಾಯಿ ಹಿಂಡಿಯನ್ನು ಬಕೆಟ್ಟಿನಲ್ಲಿ ಐದು ದಿನ ನೆನೆಸಿ, ನೀರು ಬೆರೆಸಿ ಎಲ್ಲಾ ಬುಡಕ್ಕೂ ಹೊಯ್ದೆ. ನೆನೆದ ಹಿಂಡಿಯ ವಾಸನೆ ಗೊತ್ತಿದ್ದವರಿಗೆ ವಿವರಿಸಬೇಕಿಲ್ಲ. ಗೊತ್ತಿಲ್ಲದವರು ಪುಣ್ಯವಂತರು.

ಅದೇ ಬೆಳಿಗ್ಗೆ ಹತ್ತು ಗಂಟೆಗೆ ಓನರು, ಮನೆ ಕೊಳ್ಳುವ ದಂಪತಿಯನ್ನು ಕರೆದುಕೊಂಡು ಬಂದರು. ಕೊನೆಯ ಆಷಾಢ ಶುಕ್ರವಾರ. "ಕೊಳ್ಳೋಕೆ ಆಷಾಢ ಆಗಲ್ಲ, ನೋಡೋಕೇನಂತೆ" ಅಂತ ಅವರೇ ನಗುತ್ತಾ ಗೇಟು ತೆಗೆದರು. ನಗು ಗೇಟಿನಲ್ಲೇ ನಿಂತಿತು. ಆತ ಮೂಗಿಗೆ ಕರ್ಚೀಫು ಒತ್ತಿ, "ಒಳಚರಂಡಿ ಲೈನು ಒಡೆದಿದೆಯಾ?" ಅಂತ ಕೇಳಿದರು. ಓನರು ನನ್ನ ಮುಖ ನೋಡಿದರು. "ಇಲ್ಲ ಇಲ್ಲ, ಅದು ನಾನು ಹಾಕಿದ್ದು" ಅಂದೆ. ಆ ಉತ್ತರವನ್ನು ಇನ್ನೂ ಸ್ವಲ್ಪ ಬಿಡಿಸಿ ಹೇಳಬೇಕಿತ್ತು ಅಂತ ಆಮೇಲೆ ಅನ್ನಿಸಿತು.

ಅಷ್ಟರಲ್ಲಿ ಆಕೆ ನಿಂಬೆ ಮರ ನೋಡಿಬಿಟ್ಟಿದ್ದರು. ನಿಂಬೆ ಮರದಲ್ಲಿ ಏಳು ಕೆಂಪು ಗಂಟು. ಭೀಮನ ಅಮಾವಾಸ್ಯೆಗೆ ಇನ್ನೆರಡೇ ದಿನ. ಕೈಯಲ್ಲಿ ಕುಡುಗೋಲು ಹಿಡಿದು ನಾನು ನಿಂತಿದ್ದೆ. ಒಣಗಿದ ರೆಂಬೆ ಸವರುತ್ತಿದ್ದೆ ಅಷ್ಟೆ. ಆಕೆ ಗಂಡನ ತೋಳು ಹಿಡಿದೆಳೆದು ಏನೋ ಪಿಸುಗುಟ್ಟಿದರು. "ಗೂಟಿ ಅದು, ಗೂಟಿ, ಬೇರು ಬರಕ್ಕೆ ಕಟ್ಟಿರೋದು" ಅಂತ ಕೂಗಿಕೊಂಡು ನಾನು ಹಿಂದೆಯೇ ಓಡಿದೆ. ಕುಡುಗೋಲನ್ನು ಕೆಳಗಿಟ್ಟು ಓಡಬೇಕಿತ್ತು. ಕಾರು ಹೊರಟುಹೋಯಿತು.

ಓನರು ಮನೆಗೆ ಹೋಗಿ ನಮ್ಮವರಿಗೆ ಫೋನು ಮಾಡಿದರು. "14 ವರ್ಷದಿಂದ ನೋಡಿದೀನಿ ಸರ್ ನಿಮ್ಮನ್ನ, ಮನೆ ಬಿಡೋಕೆ ಇಷ್ಟ ಇಲ್ಲ ಅಂದ್ರೆ ನೇರವಾಗಿ ಹೇಳಬಹುದಿತ್ತು." ನಾವು ಬಿಡುತ್ತೇವೆ ಅಂತ ನಂಬಿಸುವುದರೊಳಗೆ ಸಾಕುಸಾಕಾಯಿತು. ಏಳು ಗೂಟಿಯಲ್ಲಿ ಬೇರು ಬಂದಿದ್ದು ಎರಡಕ್ಕೆ.

ಇಷ್ಟಾದ ಮೇಲಾದರೂ ಸುಮ್ಮನಿರಬೇಕಿತ್ತು. ಆದರೆ ಕರಿಬೇವು ಇತ್ತಲ್ಲ. ಮರ ದೊಡ್ಡದು, ಸರಿ. ಬೇರಿನಿಂದ ಎದ್ದ ಮರಿಗಳು ಸುತ್ತಲೂ ಹತ್ತಾರು ಇದ್ದವು. ಒಂದು ಮರಿಯನ್ನು ಹೆಂಟೆ ಸಮೇತ ಎತ್ತಿಕೊಡಿ ಅಂತ ನಮ್ಮವರ ಕೈಗೆ ಹಾರೆ ಕೊಟ್ಟೆ. ಮರಿಯ ಬೇರು ಮಣ್ಣಿನಡಿ ಅಡ್ಡಡ್ಡ ಹೋಗಿತ್ತು. ಅವರು ಅದರ ಹಿಂದೆಯೇ ಅಗೆದುಕೊಂಡು ಹೋದರು. ಮೂರು ಅಡಿ ಹೋದ ಮೇಲೆ "ಇಲ್ಲಿದೆ ನೋಡು ತಾಯಿಬೇರು, ದಪ್ಪ!" ಅಂತ ಹೇಳಿ ಒಂದು ಏಟು ಹಾಕಿದರು.

ಅದು ನೀರಿನ ಪೈಪು. ಬೆಳಗಿನ ನೀರು ಬಿಟ್ಟ ಹೊತ್ತು ಬೇರೆ. ಎದೆಮಟ್ಟಕ್ಕೆ ಚಿಮ್ಮಿತು. "ವಾಲ್ವ್ ತಿರುಗ್ಸೇ!" ಅಂತ ಅವರು ಅಂಗೈಯಲ್ಲಿ ಕಾವೇರಿಯನ್ನು ತಡೆಯುತ್ತಾ ಕೂಗಿದರು. ವಾಲ್ವಿನ ಗುಂಡಿಯ ಮುಚ್ಚಳದ ಮೇಲೆ ಹನ್ನೊಂದು ವರ್ಷದಿಂದ ನನ್ನ ದೊಡ್ಡ ಮಲ್ಲಿಗೆ ಕುಂಡ ಕೂತಿತ್ತು. ಮಲ್ಲಿಗೆ ಕುಂಡದ ತಳ ತೂರಿ, ಮುಚ್ಚಳದ ಸಂದಿಯಲ್ಲಿ ಇಳಿದು, ಗುಂಡಿಯೊಳಗೆ ಬೇರು ಬಿಟ್ಟುಕೊಂಡಿತ್ತು. ಹಿಡಿದೆಳೆದೆ, ಅಲುಗಲಿಲ್ಲ. ಆ ಹೊತ್ತಿಗೆ ವಾಕಿಂಗ್ ಸರ್ ಬಂದರು. ನೋಡಿದರು. 14 ವರ್ಷದಲ್ಲಿ ಮೊದಲ ಸಲ ಆ ಕೊಡೆ ಬಿಚ್ಚಿದ್ದನ್ನು ಕಂಡೆ, ನಮ್ಮವರ ತಲೆಯ ಮೇಲೆ ಹಿಡಿದು ನಿಂತರು. ನೀರು ಕೆಳಗಿನಿಂದ ಬರುತ್ತಿತ್ತು ಅನ್ನುವುದು ಬೇರೆ ಮಾತು.

ಪ್ಲಂಬರು ಬಂದು ಗುಂಡಿಯೊಳಗೆ ಕೈಹಾಕಿ, "ಅಕ್ಕಾ, ಬೇರು ಪೈಪನ್ನ ತಬ್ಕೊಂಡು ಕೂತದೆ, ಇದನ್ನ ಬಿಡಿಸೋಕೆ ನನಗೆ ಮನಸು ಬರ್ತಿಲ್ಲ" ಅಂದ. 850 ರೂಪಾಯಿ ಕೊಟ್ಟ ಮೇಲೆ ಮನಸ್ಸು ಬಂತು. ಕರಿಬೇವಿನ ಮರಿ ಕೊನೆಗೂ ಕೈಗೆ ಸಿಕ್ಕಿದ್ದು ಬುಡದಲ್ಲಿ ಎರಡು ಎಳೆ ಬೇರಿನೊಂದಿಗೆ.

ಉಳಿದದ್ದನ್ನು ಹಂಚಿದೆ. ಬ್ರಹ್ಮಕಮಲ ಮಾತ್ರ ಯಾರಿಗೂ ಬೇಡ. ಅದು ಮೆಕ್ಸಿಕೊ ಕಡೆಯ ಕಳ್ಳಿ ಜಾತಿ, ಒಂದೆಲೆ ಚುಚ್ಚಿದರೂ ಬದುಕುತ್ತದೆ. ಇಷ್ಟು ವರ್ಷ ಬೀದಿಗೆಲ್ಲಾ ಎಲೆ ಹಂಚಿದವಳು ನಾನೇ. ಈಗ ಯಾರ ಮನೆಗೆ ಹೋದರೂ "ಅಯ್ಯೋ, ನಮ್ಮನೇದೇ ಜಾಸ್ತಿಯಾಗಿದೆ, ನೀವೇ ಒಂದು ತಗೊಂಡ್ ಹೋಗಿ" ಅನ್ನುತ್ತಾರೆ. ಒಂದು ಮನೆಗೆ ಕೊಡಲು ಹೋಗಿ ಎರಡು ತಂದೆ. ಹಂಚಿದ ಗಿಡಗಳ ಫೋಟೋ ಅವತ್ತು ಸಂಜೆಯಿಂದಲೇ ವಾಟ್ಸಾಪಿಗೆ ಬರತೊಡಗಿತು: "ಆಂಟಿ, ಯಾಕೋ ಮುಖ ಬಾಡಿಸ್ಕೊಂಡಿದೆ." ಅತ್ತೆಮನೆಗೆ ಹೋದ ಮೊದಲ ದಿನ ಇನ್ನೇನಾಗುತ್ತೆ ಅಂತ ಬರೆದು, ಕಳಿಸದೆ ಅಳಿಸಿ, "ನೆರಳಿಗಿಡಿ, ನೀರು ಜಾಸ್ತಿ ಬೇಡ" ಅಂತ ಕಳಿಸಿದೆ.

ಲಾರಿ ಹಿಂದಿನ ರಾತ್ರಿಯೇ ಹೋಗಿತ್ತು. ಹೊರಡುವ ದಿನ ಬೆಳಿಗ್ಗೆ ಐದೂಮುಕ್ಕಾಲಕ್ಕೆ ಕಾರಿನ ಹಿಂದಿನ ಸೀಟಿನಲ್ಲಿ ನಿಂಬೆಯ ಗೂಟಿ ಎರಡನ್ನೂ ಕರಿಬೇವನ್ನೂ ಕೂರಿಸಿ ಸೀಟ್ ಬೆಲ್ಟ್ ಹಾಕುತ್ತಿದ್ದೆ. ಗೇಟಿನ ಚಿಲಕ ಸದ್ದಾಯಿತು. ವಾಕಿಂಗ್ ಸರ್. ಗೇಟಿನ ಕಡೆಯಿಂದ ಅವರು ಒಳಗೆ ಬಂದದ್ದು ಅದೇ ಮೊದಲು.

"ಹೊರಟ್ರಾ ಅಮ್ಮ? ಹೊಸಬರು ದಾಸವಾಳ ಉಳಿಸ್ಕೋತಾರಂತಾ?"

"ಗೊತ್ತಿಲ್ಲ ಸರ್. ಇನ್ನೂ ಯಾರೂ ಕೊಂಡಿಲ್ಲ."

"ಹ್ಞೂ, ಕೇಳ್ದೆ. ಮಾಟದ ಮನೆ ಅಂತಿದಾರೆ." ಜೇಬಿನಿಂದ ಕವರು ತೆಗೆದು ಕೈಗಿಟ್ಟರು. ಒದ್ದೆ ಪೇಪರಿನಲ್ಲಿ ಸುತ್ತಿದ ಗೇಣುದ್ದದ ದಾಸವಾಳದ ಕಡ್ಡಿಗಳು, ಮೂರು. "ಹಳದಿದು. ನಿಮ್ಮನೇಲಿ ಹಳದಿ ಇರಲಿಲ್ಲ."

ನನಗೆ ಗಂಟಲು ಕಟ್ಟಿತು. "ನಿಮ್ಮನೇದಾ ಸರ್?"

"ನಮ್ಮನೇಲಿ ಗಿಡ ಎಲ್ಲಿದೆಯಮ್ಮ?" ಅಂದವರು ರಸ್ತೆಯ ಎರಡೂ ಕಡೆ ನೋಡಿ ದನಿ ತಗ್ಗಿಸಿದರು. "ಎಂಟನೇ ಕ್ರಾಸಿನ ಮೂಲೆ ಮನೇದು. ಅವರಿಗಿನ್ನೂ ಗೊತ್ತಿಲ್ಲ. ಕದ್ದಿದ್ದು, ಚೆನ್ನಾಗಿ ಹತ್ತುತ್ತೆ."