ಕಪ್ಪು-ಬಿಳುಪು ನ್ಯೂ ವೇವ್

ಟೇಪಿನ ಬೆನ್ನಿಗೆ ಅಂಟಿಸಿದ್ದ ಚೀಟಿಯಲ್ಲಿ ನೀಲಿ ಇಂಕಿನಲ್ಲಿ ಎರಡೇ ಪದ ಇದ್ದವು: ನ್ಯೂ ವೇವ್. ಅದನ್ನು ಓದಿ ನಮ್ಮಪ್ಪನಿಗೆ ಆದ ಖುಷಿ ಅಷ್ಟಿಷ್ಟಲ್ಲ.

1986ರ ಬೇಸಿಗೆ ರಜೆ, ಮೈಸೂರು. ದೊಡ್ಡಪ್ಪನ ಮಗ ನ್ಯೂಜೆರ್ಸಿಯಲ್ಲಿ ಎಂ.ಎಸ್. ಓದುತ್ತಿದ್ದ. ಊರಿಗೆ ಬರುತ್ತಿದ್ದವರ ಕೈಯಲ್ಲಿ ಒಂದು ಡಬ್ಬಿ ಬಾದಾಮಿ, ಅಮ್ಮನಿಗೊಂದು ಸ್ವೆಟರು, ಜೊತೆಗೆ ಈ ವಿಎಚ್‌ಎಸ್ ಟೇಪು ಕಳಿಸಿದ್ದ. ಅಪ್ಪ ಆಗ ಫಿಲ್ಮ್ ಸೊಸೈಟಿ ಮೆಂಬರು. ಅವರ ಪಾಲಿಗೆ ನ್ಯೂ ವೇವ್ ಅಂದರೆ ಹೊಸ ಅಲೆ, ಹೊಸ ಅಲೆ ಅಂದರೆ ‘ಚೋಮನ ದುಡಿ’, ‘ಘಟಶ್ರಾದ್ಧ’. ಹುಡುಗ ಅಮೆರಿಕಕ್ಕೆ ಹೋದರೂ ಎಂಥ ಒಳ್ಳೆ ಅಭಿರುಚಿ ಉಳಿಸಿಕೊಂಡಿದ್ದಾನೆ ನೋಡು ಎಂದು ಎರಡು ದಿನ ಹೇಳಿಕೊಂಡು ತಿರುಗಿದರು. ಪಕ್ಕದ ಮನೆ ಮೇಷ್ಟ್ರನ್ನೂ ಕರೆದರು. ಅಂಗಡಿಯಿಂದ ಕಲರ್ ಟಿವಿ, ವಿಸಿಆರ್ ಬಾಡಿಗೆಗೆ ಬಂತು, ಆಟೋದಲ್ಲಿ, ಹುಡುಗನ ತೊಡೆಯ ಮೇಲೆ ಕೂತು. ಬಾಡಿಗೆ ಒಂದು ರಾತ್ರಿಗೆ. ಜೊತೆಗೆ ಎರಡು ರಾಜ್‌ಕುಮಾರ್ ಸಿನಿಮಾ, ಅದು ಅಮ್ಮ ಮತ್ತು ಅಜ್ಜಿಯ ಷರತ್ತು.

ದೀಪ ಆರಿಸಿದರು. ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಪರದೆಯ ಮೇಲೆ ಗೋಡೆ, ನೆಲ ಎಲ್ಲ ಹೊಳೆಯುವ ಕಾಗದ ಸುತ್ತಿದ ಒಂದು ಕೋಣೆ. ಅದರ ಮಧ್ಯೆ ಒಬ್ಬ ಮನುಷ್ಯ. ತಲೆಯ ಎರಡೂ ಕಡೆ ಕೂದಲು ರೆಕ್ಕೆಯ ಹಾಗೆ ಮೇಲಕ್ಕೆ ಎದ್ದಿದೆ, ನಡುವಿನದು ಮೂಗಿನ ತನಕ ಇಳಿದಿದೆ. ಅವನು ಯಾರನ್ನೂ ನೋಡದೆ ಹಾಡುತ್ತಿದ್ದಾನೆ. ಮೇಷ್ಟ್ರು ಐದು ನಿಮಿಷ ತಡೆದುಕೊಂಡು, "ಇದು ಸಾಂಕೇತಿಕ ಇರಬೇಕು" ಎಂದರು.

ಅಲ್ಲಿ ನ್ಯೂ ವೇವ್ ಅಂದರೆ ಆಗಿನ ಒಂದು ಬಗೆಯ ಪಾಪ್ ಸಂಗೀತ, ಇದು ಎ ಫ್ಲಾಕ್ ಆಫ್ ಸೀಗಲ್ಸ್ ಎಂಬ ಲಿವರ್‌ಪೂಲ್ ಬ್ಯಾಂಡು, ಹಾಡು 1982ರ ‘ಐ ರ‍್ಯಾನ್’ ಎಂದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಆ ಹಾಡುಗಾರ ಮೈಕ್ ಸ್ಕೋರ್ ಮೊದಲು ಹೇರ್‌ಡ್ರೆಸರ್ ಆಗಿದ್ದನಂತೆ. ಗೊತ್ತಾದಾಗ ಎಷ್ಟೋ ಸಮಾಧಾನ ಆಯಿತು. ಅಲ್ಲಿಯವರೆಗೆ ಅದು ಅಪಘಾತ ಎಂದೇ ತಿಳಿದಿದ್ದೆ.

ಆದರೆ ಇನ್ನೊಂದು ತೊಂದರೆ ಇತ್ತು. ಕಲರ್ ಟಿವಿಯಲ್ಲಿ ಕಲರೇ ಬರಲಿಲ್ಲ. ಅಮೆರಿಕದ ಟಿವಿ ಪದ್ಧತಿ ಎನ್‌ಟಿಎಸ್‌ಸಿ, ನಮ್ಮದು ಪಾಲ್. ಅವರದು 525 ಗೆರೆ, ಸೆಕೆಂಡಿಗೆ ಸುಮಾರು 30 ಚಿತ್ರ. ನಮ್ಮದು 625 ಗೆರೆ, 25 ಚಿತ್ರ. ಬಣ್ಣವನ್ನು ಅವರು ಕಟ್ಟಿ ಕಳಿಸುವ ರೀತಿ ಬೇರೆ, ನಮ್ಮ ಟಿವಿ ಬಿಚ್ಚುವ ರೀತಿ ಬೇರೆ. ಅಂಗಡಿಯವನ ವಿಸಿಆರ್ ಗಲ್ಫ್‌ನಿಂದ ಬಂದಿದ್ದು, ಅದು ಹೇಗೋ ಟೇಪು ಓಡಿಸಿತು. ಟಿವಿ ಮಾತ್ರ ಒಪ್ಪಲಿಲ್ಲ. ಚಿತ್ರ ಕಪ್ಪು-ಬಿಳುಪಾಗಿ ಬಂತು, ಅದೂ ಕೆಳಗಿನಿಂದ ಮೇಲಕ್ಕೆ ಉರುಳುತ್ತಾ ಬಂತು. ಹಾಡುಗಾರನ ಕಾಲು ಮೇಲೆ, ನಡುವೆ ಒಂದು ದಪ್ಪ ಕಪ್ಪು ಪಟ್ಟಿ, ಅದರ ಕೆಳಗೆ ತಲೆ. ಟಿವಿಯಲ್ಲಿದ್ದ ವಿ-ಹೋಲ್ಡ್ ಎಂಬ ಪುಟ್ಟ ನಾಬ್ ತಿರುಗಿಸಿದರೆ ಚಿತ್ರ ನಿಲ್ಲುತ್ತಿತ್ತು. ಕೈ ಬಿಟ್ಟು ಎರಡು ನಿಮಿಷಕ್ಕೆ ಮತ್ತೆ ಜಾರುತ್ತಿತ್ತು. ಹಾಗಾಗಿ ಒಬ್ಬರು ಅಲ್ಲೇ ಕುಕ್ಕರುಗಾಲಲ್ಲಿ ಕೂತು ನಾಬ್ ಕಾಯಬೇಕು. ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವನು ನನ್ನ ತಮ್ಮ. ಅವನು ಆ ಟೇಪನ್ನು ಪೂರ್ತಿ ಟಿವಿಯ ಪಕ್ಕದಿಂದ, ಓರೆಯಾಗಿ ನೋಡಿದ. ಇವತ್ತಿಗೂ ಅದರಲ್ಲಿ ಹಾಡಿದ್ದ ಬ್ಯಾಂಡು ಡುರಾನ್ ಡುರಾನ್‌ನವರು ಬಹಳ ತೆಳ್ಳಗಿದ್ದರು ಅಂತಾನೆ.

ಅಪ್ಪ, ಮೇಷ್ಟ್ರು ಎದ್ದು ಹೋಗಿ ಜಗಲಿಯಲ್ಲಿ ಕೂತರು. ನಾವು ನೋಡಿದೆವು. ಒಂದು ರಾತ್ರಿ ಅಲ್ಲ, ಆಮೇಲೆ ಮೂರು ನಾಲ್ಕು ವರ್ಷ, ಹಬ್ಬ, ಪರೀಕ್ಷೆ ಮುಗಿದ ದಿನ, ಚಿಕ್ಕಮ್ಮನ ಸೀಮಂತ ಎಂದು ವಿಸಿಆರ್ ಮನೆಗೆ ಬಂದಾಗಲೆಲ್ಲ, ಎರಡು ಸಿನಿಮಾಗಳ ನಡುವಿನ ಊಟದ ಹೊತ್ತಿನಲ್ಲಿ ನೋಡಿದೆವು.

ಅದರಲ್ಲಿ ಏನಿತ್ತು ಅಂತ ಈಗ ಯೋಚಿಸಿದರೆ ಆಶ್ಚರ್ಯವಾಗುತ್ತದೆ. ಎಲ್ಲ ಅಮೆರಿಕದ ಟಿವಿಯಿಂದ ಹಿಡಿದ ಹಾಡಿನ ವಿಡಿಯೊಗಳು, ಆದರೆ ಹಾಡುವವರು ಹೆಚ್ಚಾಗಿ ಇಂಗ್ಲೆಂಡಿನವರು. ಅದಕ್ಕೆ ಕಾರಣ ಸುಲಭ. ಹಾಡಿನ ವಿಡಿಯೊಗಳಿಗೆಂದೇ ಮೀಸಲಾಗಿದ್ದ ಅಲ್ಲಿನ ಎಂಟಿವಿ ಚಾನೆಲ್ಲು 1981ರ ಆಗಸ್ಟ್ 1ರ ಮಧ್ಯರಾತ್ರಿ ಶುರುವಾದಾಗ ದಿನಕ್ಕೆ 24 ಗಂಟೆ ತುಂಬಿಸಬೇಕಿತ್ತು, ಕೈಯಲ್ಲಿ ವಿಡಿಯೊಗಳೇ ಕಮ್ಮಿ. ಅಮೆರಿಕದ ದೊಡ್ಡ ರಾಕ್ ತಂಡಗಳು ಊರೂರು ಸುತ್ತಿ ಹಾಡುತ್ತಿದ್ದವು, ವಿಡಿಯೊ ಅವರಿಗೆ ಅಷ್ಟು ಬೇಕಿರಲಿಲ್ಲ. ಇಂಗ್ಲೆಂಡಿನಲ್ಲಿ ಮೊದಲಿಂದಲೂ ಟಿವಿಗೆ ಅಂತ ಪುಟ್ಟ ಪುಟ್ಟ ಚಿತ್ರ ಮಾಡುವ ರೂಢಿ ಇತ್ತು. ಹಾಗಾಗಿ ಶೆಫೀಲ್ಡ್, ಬರ್ಮಿಂಗ್‌ಹ್ಯಾಮ್‌ಗಳ ಹುಡುಗರು, ಕಣ್ಣಿಗೆ ಕಾಡಿಗೆ ಹಚ್ಚಿಕೊಂಡು, ಒಂದೇ ಬೆರಳಲ್ಲಿ ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ಕೀಬೋರ್ಡ್ ಒತ್ತುತ್ತಾ ಅಮೆರಿಕದ ಹಳ್ಳಿ ಹಳ್ಳಿಯ ನಡುಮನೆಗೆ ನುಗ್ಗಿದರು. ಇನ್ನೊಂದು ಮಾತೂ ಹೇಳಲೇಬೇಕು. ಅದೇ ಚಾನೆಲ್ಲು ಕಪ್ಪು ಜನರ ಹಾಡುಗಳನ್ನು ಹಾಕುವುದಕ್ಕೆ ಮೊದಮೊದಲು ತುಂಬಾ ಹಿಂದೇಟು ಹಾಕುತ್ತಿತ್ತು, 1983ರಲ್ಲಿ ಮೈಕಲ್ ಜಾಕ್ಸನ್ ಬಂದ ಮೇಲೆ ಆ ಬಾಗಿಲು ತೆರೆಯಿತು. ನಮ್ಮ ಟೇಪಿನಲ್ಲಿ ಒಬ್ಬ ಕಪ್ಪು ಹಾಡುಗಾರನೂ ಇರಲಿಲ್ಲ. ಆಗ ಅದು ಗಮನಕ್ಕೆ ಬಂದಿರಲಿಲ್ಲ.

ನಮ್ಮಜ್ಜಿಗೆ ಇಷ್ಟವಾಗಿದ್ದು ಯುರಿದ್ಮಿಕ್ಸ್ ಎಂಬ ಇಬ್ಬರ ತಂಡ. ಕಾರಣ ಹಸು. 1983ರ ‘ಸ್ವೀಟ್ ಡ್ರೀಮ್ಸ್’ ವಿಡಿಯೊದಲ್ಲಿ ದೊಡ್ಡ ಮೇಜಿರುವ ಆಫೀಸು ಕೋಣೆಯಲ್ಲಿ ಆನಿ ಲೆನಾಕ್ಸ್ ಕೋಟು ಟೈ ಹಾಕಿಕೊಂಡು, ಕೈಯಲ್ಲಿ ಕೋಲು ಹಿಡಿದು, ಕಂದಾಯ ಬಾಕಿ ಉಳಿಸಿಕೊಂಡವರನ್ನು ನೋಡುವ ಹಾಗೆ ನಮ್ಮನ್ನು ನೋಡುತ್ತಾಳೆ. ಪಕ್ಕದಲ್ಲಿ ಡೇವ್ ಸ್ಟೂವರ್ಟ್ ಡ್ರಮ್ ಮಶೀನನ್ನು ಟೈಪ್‌ರೈಟರಿನಂತೆ ಕುಟ್ಟುತ್ತಿದ್ದಾನೆ. ಇದ್ದಕ್ಕಿದ್ದಂತೆ ಕೋಣೆಯೊಳಗೆ ಒಂದು ಹಸು. ಅಜ್ಜಿ ತಟ್ಟನೆ ಕೈ ಮುಗಿದಳು. "ನೋಡು, ಅವರಲ್ಲೂ ಗೃಹಪ್ರವೇಶ ಮಾಡ್ತಾರೆ" ಎಂದಳು. ನಾವ್ಯಾರೂ ಇಲ್ಲ ಅನ್ನಲಿಲ್ಲ. ಆ ವಿಡಿಯೊಗೆ ಆಮೇಲೆ ಎಷ್ಟೋ ಜನ ಎಷ್ಟೋ ಅರ್ಥ ಹೇಳಿದ್ದಾರೆ, ಇದಕ್ಕಿಂತ ಚೆನ್ನಾಗಿರುವುದನ್ನು ನಾನು ಓದಿಲ್ಲ.

ಅಮ್ಮನಿಗೆ ಡುರಾನ್ ಡುರಾನ್. ಆ ಹುಡುಗರು 1982ರಲ್ಲಿ ಶ್ರೀಲಂಕಾಕ್ಕೆ ಹೋಗಿ ವಿಡಿಯೊ ತೆಗೆದಿದ್ದರು. ಆನೆ, ತೆಂಗಿನ ಮರ, ಸಂತೆ, ಪೊಲೊನ್ನರುವದ ಕಲ್ಲಿನ ಬುದ್ಧ. ಅಮೆರಿಕದವರಿಗೆ ಅದು ಎಲ್ಲೋ ದೂರದ ಮಾಯಾಲೋಕ. ಅಮ್ಮ ಮಾತ್ರ, "ಇದನ್ನ ನೋಡೋಕೆ ಅಮೆರಿಕದಿಂದ ಟೇಪು ಕಳಿಸಬೇಕಿತ್ತಾ, ಚಾಮರಾಜನಗರದ ಕಡೆ ಬಸ್ಸು ಹತ್ತಿದ್ರೆ ಸಾಕಿತ್ತು" ಎಂದಳು. ಆದರೂ ಆ ಹಾಡು ಬಂದಾಗ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಾಗಿಲ ತನಕ ಬರುತ್ತಿದ್ದಳು.

ನನಗೆ? ಆ-ಹಾ. ನಾರ್ವೆಯ ಮೂವರು. ‘ಟೇಕ್ ಆನ್ ಮಿ’ 1984ರಲ್ಲಿ ಒಮ್ಮೆ ಬಂದು ಯಾರೂ ಕೇಳದೆ ಮಲಗಿತ್ತು. 1985ರಲ್ಲಿ ಮತ್ತೆ ಹಾಡಿಸಿ, ಸ್ಟೀವ್ ಬ್ಯಾರನ್ ಕೈಲಿ ಹೊಸ ವಿಡಿಯೊ ಮಾಡಿಸಿದರು. ಹೋಟೆಲಿನಲ್ಲಿ ಕೂತು ಕಾಮಿಕ್ ಓದುವ ಹುಡುಗಿ. ಪುಟದೊಳಗಿನಿಂದ ಪೆನ್ಸಿಲಿನಲ್ಲಿ ಬರೆದ ಕೈ ಹೊರಗೆ ಚಾಚುತ್ತದೆ. ಅವಳು ಅದನ್ನು ಹಿಡಿದು ಒಳಗೆ ಹೋಗುತ್ತಾಳೆ. ಇತ್ತ ಸರ್ವರ್ ಹೆಂಗಸು ಬಿಲ್ಲು ಕೊಡದೆ ಓಡಿದಳು ಎಂದು ಸಿಟ್ಟಾಗಿ ಪುಸ್ತಕ ಮುದುರಿ ಕಸದ ಬುಟ್ಟಿಗೆ ಎಸೆಯುತ್ತಾಳೆ. ಮೊದಲು ಕ್ಯಾಮರಾದಲ್ಲಿ ತೆಗೆದು, ಆ ಚಿತ್ರಗಳ ಮೇಲೆ ಒಂದೊಂದನ್ನೂ ಕೈಯಲ್ಲಿ ತಿದ್ದಿ ಬರೆದಿದ್ದು. ಸುಮಾರು 3000 ಚಿತ್ರ, 16 ವಾರದ ಕೆಲಸ. ಅದರ ಮಜಾ ಇರುವುದೆಲ್ಲ ಪೆನ್ಸಿಲಿನ ಕಪ್ಪು-ಬಿಳುಪು ಲೋಕಕ್ಕೂ ನಿಜದ ಬಣ್ಣದ ಲೋಕಕ್ಕೂ ಇರುವ ವ್ಯತ್ಯಾಸದಲ್ಲಿ. ನಮ್ಮ ಟಿವಿಯಲ್ಲಿ ಎರಡೂ ಲೋಕ ಒಂದೇ ಬಣ್ಣ! ಹುಡುಗಿ ಒಳಗಿದ್ದಾಳಾ ಹೊರಗಿದ್ದಾಳಾ ಅಂತ ಗೊತ್ತಾಗಬೇಕಾದರೆ ಗೆರೆ ನಡುಗುತ್ತಿದೆಯಾ ನೋಡಬೇಕು. ನಡುಗುತ್ತಿದ್ದರೂ ಅದು ಪೆನ್ಸಿಲ್ ನಡುಕವೋ ವಿ-ಹೋಲ್ಡ್ ನಡುಕವೋ ಹೇಳಲಾಗದು. ಹಾಗಾಗಿ ಅವಳು ಕೊನೆಗೆ ಹೊರಗೆ ಬಂದಳು ಅನ್ನುವುದೇ ನನಗೆ ಬಹಳ ದಿನ ಖಚಿತವಿರಲಿಲ್ಲ. ಹದಿನಾಲ್ಕು ವರ್ಷದ ಹುಡುಗನಿಗೆ ಇದು ಸಣ್ಣ ಚಿಂತೆಯಲ್ಲ.

ಒಂದು ಸಲ ಟೇಪ್‌ರೆಕಾರ್ಡರನ್ನು ಟಿವಿಯ ಸ್ಪೀಕರಿಗೆ ಒತ್ತಿಟ್ಟು ಹಾಡುಗಳನ್ನೆಲ್ಲ ಆಡಿಯೊ ಕ್ಯಾಸೆಟ್ಟಿಗೆ ಇಳಿಸಿದೆವು. ‘ಶ್‌’ ಅಂತ ಎಲ್ಲರನ್ನೂ ಗದರಿಸಿ ಕೂರಿಸಿದ್ದಾಯಿತು, ಕುಕ್ಕರನ್ನು ಗದರಿಸಲಿಲ್ಲ. ಹ್ಯೂಮನ್ ಲೀಗ್‌ನವರ ‘ಡೋಂಟ್ ಯು ವಾಂಟ್ ಮಿ’ಯಲ್ಲಿ ಗಂಡಸಿನ ಸರದಿ ಮುಗಿದು ಹೆಂಗಸು ಬಾಯಿ ತೆರೆಯುವ ಕ್ಷಣಕ್ಕೆ ಸರಿಯಾಗಿ ಒಂದು ಉದ್ದ ವಿಷಲ್ಲು. ಆ ಕ್ಯಾಸೆಟ್ಟನ್ನು ಟೇಪು ಸವೆಯುವ ತನಕ ಕೇಳಿದೆ. ಈಗ ಆ ಹಾಡು ಎಲ್ಲಾದರೂ, ಏರ್‌ಪೋರ್ಟಿನಲ್ಲೋ ಸೂಪರ್‌ಮಾರ್ಕೆಟ್ಟಿನಲ್ಲೋ ಕಿವಿಗೆ ಬಿದ್ದರೆ, ಆ ಜಾಗ ಬಂದಾಗ ನನಗೆ ಬೇಳೆ ಬೆಂದ ವಾಸನೆ ಬರುತ್ತದೆ.

ಈ ಹಾಡುಗಳೆಲ್ಲ ಅಂಥ ದೊಡ್ಡ ಸಂಗೀತವೇನಲ್ಲ. ಅರ್ಧದಷ್ಟು ಮಂದಿಗೆ ಶ್ರುತಿಯೇ ಸರಿ ಇಲ್ಲ. ಆದರೆ ಅವರ ಕೈಗೆ ಬಂದಿದ್ದು ಹೊಸ ಯಂತ್ರ, ಅದನ್ನು ಹೀಗೇ ಬಳಸಬೇಕು ಅಂತ ಹೇಳಿಕೊಡುವ ಗುರು ಯಾರೂ ಇರಲಿಲ್ಲ. ಹೊಸ ಮಿಕ್ಸಿ ಮನೆಗೆ ಬಂದಾಗ ಅಮ್ಮ ಒಂದು ವಾರ ಕಂಡಿದ್ದನ್ನೆಲ್ಲ ಚಟ್ನಿ ಮಾಡಿದಳಲ್ಲ, ಹಾಗೆ.

ಗುರು ಯಾರೂ ಇರಲಿಲ್ಲ ಅಂದೆ, ತಪ್ಪು. ಒಬ್ಬರಿದ್ದರು, ಅದೂ ನಮ್ಮವರು. ಬೆಂಗಳೂರಿನಲ್ಲಿ ಹುಟ್ಟಿದ, ಕೊಡವ ಮನೆತನದ ಬಿದ್ದು ಅಪ್ಪಯ್ಯ. ಇಲ್ಲಿ ಬ್ಯಾಂಡು ಕಟ್ಟಿ ಹಾಡಿಕೊಂಡಿದ್ದು, ಅರವತ್ತರ ದಶಕದಲ್ಲಿ ಲಂಡನ್ನಿಗೆ ಹೋದವರು. 1974ರ ‘ಕುಂಗ್ ಫೂ ಫೈಟಿಂಗ್’ ಮಾಡಿದ್ದು ಅವರೇ. ರೆಕಾರ್ಡಿನ ಹಿಂಬದಿಗೆ ಇರಲಿ ಅಂತ ಗಡಿಬಿಡಿಯಲ್ಲಿ ಹಾಡಿಸಿದ್ದು ಲೋಕವೆಲ್ಲ ಓಡಿತು. ಆಮೇಲೆ ಟೀನಾ ಚಾರ್ಲ್ಸ್ ಎಂಬಾಕೆಗೆ ಹಾಡು ಮಾಡಿಕೊಟ್ಟರು. ಆಕೆಯ ಹಿಂದೆ ಬೇಸ್ ಗಿಟಾರ್ ನುಡಿಸುತ್ತಿದ್ದ ಟ್ರೆವರ್ ಹಾರ್ನ್ ಎಂಬ ಹುಡುಗ ಬಿದ್ದು ಕೆಲಸ ನೋಡಿ ನೋಡಿ ಹಾಡು ಕಟ್ಟುವ ಪಟ್ಟು ಕಲಿತ. ಅದೇ ತಂಡದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಜೆಫ್ ಡೌನ್ಸ್ ಜೊತೆ ಸೇರಿ ಬಗಲ್ಸ್ ಎಂಬ ಹೆಸರಿನಲ್ಲಿ 1979ರಲ್ಲಿ ‘ವಿಡಿಯೊ ಕಿಲ್ಡ್ ದ ರೇಡಿಯೊ ಸ್ಟಾರ್’ ತಂದ. ಎರಡು ವರ್ಷದ ನಂತರ ಎಂಟಿವಿ ಕಣ್ಣು ಬಿಟ್ಟಾಗ ಮೊಟ್ಟಮೊದಲು ತೋರಿಸಿದ ವಿಡಿಯೊ ಅದು. ಅದೇ ಹೊತ್ತಿಗೆ ಬಿದ್ದು ಇತ್ತ ನಾಜಿಯಾ ಹಸನ್ ಎಂಬ ಹುಡುಗಿಯ ಕೈಲಿ ‘ಆಪ್ ಜೈಸಾ ಕೋಯಿ’ ಹಾಡಿಸಿ, ನಮ್ಮ ಬೀದಿಯ ಮದುವೆ ಮನೆಗಳ ಮೈಕ್‌ಸೆಟ್ಟನ್ನೂ ಹಿಡಿದಿದ್ದರು. ಇದು ಗೊತ್ತಾದ ದಿನ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಹೊಸ ಅಲೇಲಿ ಕನ್ನಡದ ನೀರು ಇತ್ತು ಅನ್ನು" ಎಂದರು. ಬಿದ್ದು ಅವರ ಮನೆಮಾತು ಕೊಡವ ಅಂತ ತಿದ್ದಲು ಹೋಗಲಿಲ್ಲ. ಮೂವತ್ತು ವರ್ಷದ ಮೇಲೆ ಆ ಟೇಪಿನ ಬಗ್ಗೆ ಅವರ ಬಾಯಲ್ಲಿ ಬಂದ ಒಂದೇ ಒಳ್ಳೆ ಮಾತು ಅದು.

ಯೂಟ್ಯೂಬ್ ಬಂದ ಮೇಲೆ ಎಲ್ಲವನ್ನೂ ಕಲರಿನಲ್ಲಿ ನೋಡಿದೆ. ಒಂದೇ ರಾತ್ರಿ, ಒಂದರ ಹಿಂದೆ ಒಂದು. ಆನಿ ಲೆನಾಕ್ಸ್ ಕೂದಲು ಕಿತ್ತಳೆ ಬಣ್ಣವಂತೆ! ನರೆತ ಕೂದಲು ಅಂದುಕೊಂಡಿದ್ದೆ; ನಮ್ಮ ಸ್ಕೂಲಿನ ಹೆಡ್ ಮಿಸ್ ಹಾಗೆ ಗಂಭೀರವಾಗಿದ್ದ ಹೆಂಗಸು ಇದ್ದಕ್ಕಿದ್ದಂತೆ ಯಾರೋ ಆಗಿಬಿಟ್ಟಳು. ಡಿವೋ ತಂಡದವರು ತಲೆಗೆ ಹಾಕಿಕೊಳ್ಳುತ್ತಿದ್ದ, ಬೋರಲು ಹಾಕಿದ ಹೂಕುಂಡದಂಥ ಟೋಪಿ ಕೆಂಪಂತೆ. ಚಿತ್ರ ಒಂದು ಚೂರೂ ಅಲುಗಲಿಲ್ಲ. ಎಲ್ಲ ಸ್ವಚ್ಛ, ಎಲ್ಲ ಸ್ಥಿರ, ಹಾಡುಗಳು ಮೊದಲ ಸೆಕೆಂಡಿನಿಂದ ಶುರು. ನಮ್ಮ ಟೇಪಿನಲ್ಲಿ ರೆಕಾರ್ಡ್ ಒತ್ತಿದವನು ಸದಾ ತಡ, ಪ್ರತಿ ಹಾಡಿನ ತಲೆ ಹಾರಿತ್ತು. ಈಗ ಅಸಲಿಯನ್ನು ಕೇಳಿದರೆ ಮುಂದೆ ಯಾರೋ ಸುಮ್ನೆ ಒಂದು ತುಂಡು ಸೇರಿಸಿದ್ದಾರೆ ಅನ್ನಿಸುತ್ತದೆ. ನನ್ನ ಮಗಳು ಪಕ್ಕದಲ್ಲಿ ಕೂತು, ಚೆನ್ನಾಗಿದೆಯಲ್ಲಪ್ಪ ಅಂದಳು. ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಬಣ್ಣ ತೆಗೆದೆ. ಕಪ್ಪು-ಬಿಳುಪಾಯಿತು. ಉರುಳಿಸುವುದು ಹೇಗೆ ಅಂತ ಮಾತ್ರ ಗೊತ್ತಾಗಲಿಲ್ಲ.

ಹೋದ ವರ್ಷ ಆ ಟೇಪು ಕಳಿಸಿದ್ದ ಅಣ್ಣ ಊರಿಗೆ ಬಂದಿದ್ದ. ಈಗ ಅರವತ್ತು ದಾಟಿದೆ, ಮಂಡಿ ನೋವು, ಕಾಫಿಗೆ ಸಕ್ಕರೆ ಇಲ್ಲ. ಊಟ ಆದಮೇಲೆ ಅಟ್ಟದಿಂದ ಟೇಪು ಇಳಿಸಿ ಅವನ ಕೈಗಿಟ್ಟೆ. ಒಳಗೆ ಬಿಳಿ ಬೂಷ್ಟು ಹಿಡಿದಿದೆ, ಚೀಟಿ ಮಾತ್ರ ಹಾಗೇ ಇದೆ. ಅವನು ಕನ್ನಡಕ ಮೇಲೆ ಮಾಡಿ ಓದಿದ.

"ಇದು ನನ್ನ ಕೈಬರಹ ಅಲ್ಲ ಕಣೋ."

"ನೀನು ಕಳಿಸಿದ್ದಲ್ವಾ ಅಣ್ಣ?"

"ಕಳಿಸಿದ್ದು ನಾನೇ. ಅಲ್ಲಿನ ಟಿವಿ ಹೇಗಿರುತ್ತೆ ತೋರಿಸು ಅಂತ ಚಿಕ್ಕಪ್ಪ ಕಾಗದ ಬರೆದಿದ್ರು, ರೂಮ್‌ಮೇಟ್ ಹತ್ರ ಇದ್ದ ಟೇಪು ಇಸ್ಕೊಂಡು ಕಳಿಸಿಬಿಟ್ಟೆ. ನಾನು ಒಂದು ದಿನಾನೂ ಇದನ್ನ ಹಾಕಿ ನೋಡಿಲ್ಲ."

"ಮತ್ತೆ ನೀನು ಏನು ಕೇಳ್ತಿದ್ದೆ ಆಗ?"

ಅವನು ಟೇಪನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲುಗಾಡಿಸಿದ. ಒಳಗೆ ಏನೋ ಗಲಗಲ ಅಂದಿತು.

"ಚಿಕ್ಕಮ್ಮ ಚಟ್ನಿಪುಡಿ ಜೊತೆ ಒಂದು ರಾಜ್‌ಕುಮಾರ್ ಕ್ಯಾಸೆಟ್ ಕಳಿಸಿದ್ರಲ್ಲ, ಅದೇ. ಎಣ್ಣೆ ಇಳಿದು ಎರಡನೇ ಸೈಡು ಹಾಡ್ತಾನೇ ಇರಲಿಲ್ಲ."