ಕಪ್ಪು ಪಟ್ಟಿ ಇರಲಿ ಬಿಡಿ

ಮನೆಯಲ್ಲಿ ಸಿನಿಮಾ ಹಾಕಿದ ಕೂಡಲೇ ಯಾರಾದರೂ ರಿಮೋಟ್ ಎತ್ತಿಕೊಂಡು ಜೂಮ್ ಒತ್ತುತ್ತಾರೆ. ಮೇಲೆ ಕೆಳಗೆ ಕಪ್ಪು ಪಟ್ಟಿ ಕಂಡರೆ ಅವರಿಗೆ ಆಗುವುದಿಲ್ಲ. ಆದರೆ ಸಿನಿಮಾಸ್ಕೋಪ್ ಅಂದರೆ ಅಗಲ ಪರದೆಯ ಚಿತ್ರದ ಅಗಲ-ಎತ್ತರದ ಅನುಪಾತ 2.39:1, ನಮ್ಮ ಟಿವಿಯದ್ದು 16:9. ಸುಮ್ನೆ ಪರದೆ ತುಂಬಿಸಲು ಹೋದರೆ ಎಡಬಲ ಸೇರಿ ಕಾಲು ಭಾಗ ಚಿತ್ರವೇ ಹೋಗುತ್ತದೆ. ಇಬ್ಬರು ಎದುರುಬದುರು ನಿಂತು ಮಾತಾಡುವ ಕಡೆ ಅರ್ಧರ್ಧ ಮುಖ, ನಡುವೆ ಖಾಲಿ ಗೋಡೆ! ಕ್ಯಾಮೆರಾದವರು ಅಷ್ಟು ಯೋಚಿಸಿ ಫ್ರೇಮ್ ಇಟ್ಟಿದ್ದು ಇದಕ್ಕಾ?

ಹಳೆಯ ಕಪ್ಪು-ಬಿಳುಪು ಚಿತ್ರಗಳ ಪಾಡು ಇನ್ನೂ ಕಷ್ಟ. ಹೆಚ್ಚುಕಡಿಮೆ 4:3 ಇರುವುದನ್ನು ಅಗಲಕ್ಕೆ ಎಳೆದರೆ ನಾಯಕಿಯ ಮುಖ ಪೂರಿಯಂತೆ ಉಬ್ಬುತ್ತದೆ. ನೋಡಿದರೆ ಸಂಕಟವಾಗುತ್ತದೆ. ಕೆಲವು ಚಾನೆಲ್‌ಗಳಂತೂ ಎಳೆದೇ ಪ್ರಸಾರ ಮಾಡುತ್ತವೆ. ಆಗ ದಯವಿಟ್ಟು ಟಿವಿಯಲ್ಲಿ 4:3 ಆರಿಸಿಕೊಳ್ಳಿ, ಮುಖ ಸರಿಯಾಗುತ್ತದೆ.