ಸತ್ಯಾಂಶ: ಬೆಳ್ಳುಳ್ಳಿಯಿಂದ ಈ ಹೆಪ್ಪು ಕರಗೋದಿಲ್ಲ

‘ರಕ್ತ ಗಟ್ಟಿಯಾದರೆ ಬರಿ ಹೊಟ್ಟೆಗೆ ನಾಲ್ಕು ಎಸಳು ಬೆಳ್ಳುಳ್ಳಿ ತಿನ್ನಿ, ಮಾತ್ರೆ ಬೇಕಿಲ್ಲ.’ ಹುಬ್ಬಳ್ಳಿಯ ನಮ್ಮ ಓಣಿಯ ವಾಟ್ಸ್‌ಆ್ಯಪ್ ಗುಂಪಿಗೆ ಮೊನ್ನೆ ಬಂದ ಸಂದೇಶವಿದು. ಎರಡು ಸಲ ಗರ್ಭ ಹೋಗಿ, ಆಮೇಲೆ ಎಡ ಮೀನಖಂಡ ಊದಿ ಕೆಂಪಾಗಿ ಮಲಗಿದ್ದ ಗದಗಿನ ನಮ್ಮಕ್ಕ ಇದನ್ನು ಓದಿ ಹೆಪ್ಪುಗಟ್ಟುವುದನ್ನು ತಡೆಯುವ ವಾರ್ಫರಿನ್ ಮಾತ್ರೆ ಬಿಡಲು ಹೊರಟಿದ್ದಳು. ಅದಕ್ಕೇ ಬರೆಯುತ್ತಿದ್ದೇನೆ.

ಆಕೆಗಿರುವುದು ಆಂಟಿಫಾಸ್ಫೊಲಿಪಿಡ್ ಸಿಂಡ್ರೋಮ್. ಇಲ್ಲಿ ರಕ್ತ ಗಟ್ಟಿಯಾಗಿರುವುದಿಲ್ಲ. ನಮ್ಮನ್ನು ಕಾಯಬೇಕಾದ ಪ್ರತಿಕಾಯಗಳೇ ನಮ್ಮ ರಕ್ತದ ಕೆಲವು ಪ್ರೋಟೀನುಗಳ ಮೇಲೆ ಬಿದ್ದು, ನಾಳದೊಳಗೇ ಹೆಪ್ಪು ಕಟ್ಟಿಸುತ್ತವೆ. ವಿಚಿತ್ರವೆಂದರೆ, ಹೆಪ್ಪುಗಟ್ಟಲು ಹಿಡಿಯುವ ಸಮಯ ಅಳೆಯುವ ಲ್ಯಾಬಿನ ಎಪಿಟಿಟಿ ಪರೀಕ್ಷೆಯಲ್ಲಿ ಇದೇ ರಕ್ತ ಹೆಪ್ಪುಗಟ್ಟಲು ತಡ ಮಾಡಬಹುದು! ಆ ಚೀಟಿ ನೋಡಿ ‘ರಕ್ತ ತೆಳುವಾಗಿದೆ’ ಎಂದುಕೊಳ್ಳಬೇಡಿ.

ಈ ಪ್ರತಿಕಾಯಗಳ ಪತ್ತೆಗೆ ಲೂಪಸ್ ಆಂಟಿಕೊಆಗ್ಯುಲಂಟ್, ಆಂಟಿಕಾರ್ಡಿಯೊಲಿಪಿನ್, ಆಂಟಿ ಬೀಟಾ-2 ಗ್ಲೈಕೊಪ್ರೋಟೀನ್ ಪರೀಕ್ಷೆಗಳಿವೆ. ಒಮ್ಮೆ ಪಾಸಿಟಿವ್ ಬಂದರೆ ಸಾಲದು. ಸೋಂಕು ತಗುಲಿದಾಗಲೂ ಈ ಪ್ರತಿಕಾಯಗಳು ಕೆಲಕಾಲ ಕಾಣಿಸಿ ಮಾಯವಾಗುತ್ತವೆ. ಹಾಗಾಗಿ ಕನಿಷ್ಠ 12 ವಾರ ಬಿಟ್ಟು ಮತ್ತೆ ನೋಡುತ್ತಾರೆ. ಅವಸರ ಮಾಡಿ ಹೆದರುವುದು ಬೇಡ.

ಬೆಳ್ಳುಳ್ಳಿ ಒಗ್ಗರಣೆಗೆ ಇರಲಿ. ಅದು ಪ್ರತಿಕಾಯಗಳನ್ನು ತೆಗೆಯದು. ಔಷಧಿಯಂತೆ ಹೆಚ್ಚಿಗೆ ತಿಂದರೆ ವಾರ್ಫರಿನ್ ಜೊತೆ ಸೇರಿ ರಕ್ತಸ್ರಾವದ ಅಪಾಯ ಹೆಚ್ಚಿಸಬಹುದು. ಮಾತ್ರೆಯ ಪ್ರಮಾಣವನ್ನು ವೈದ್ಯರು, ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತಿದೆ ಎಂದು ತೋರಿಸುವ ಐಎನ್‌ಆರ್ ನೋಡಿ, ಸಾಮಾನ್ಯವಾಗಿ 2ರಿಂದ 3ರ ನಡುವೆ ನಿಲ್ಲುವಂತೆ ಹೊಂದಿಸುತ್ತಾರೆ. ಮಗು ಬೇಕೆನ್ನುವವರು ಮೊದಲೇ ಹೇಳಬೇಕು: ವಾರ್ಫರಿನ್ ಭ್ರೂಣಕ್ಕೆ ಹಾನಿ ಮಾಡಬಹುದು, ಬದಲಿಗೆ ಹೆಪಾರಿನ್ ಚುಚ್ಚುಮದ್ದು ಮತ್ತು ಸಣ್ಣ ಪ್ರಮಾಣದ ಆಸ್ಪಿರಿನ್ ಕೊಡುತ್ತಾರೆ.

ಅಕ್ಕ ಮಾತ್ರೆ ಬಿಡಲಿಲ್ಲ. ಅವಳ ಫ್ರಿಜ್ ಬಾಗಿಲಿಗೆ ಅಂಟಿಸಿದ ಚೀಟಿಯಲ್ಲಿ ಈ ಸಲದ ಐಎನ್‌ಆರ್ 2.4.